ಅಕ್ಕನ ಖೋಲಿಯ ಯಂತ್ರದ ಬಗ್ಗೆ ನಾನು ಕೊಟ್ಟ ಎರಡು ವರದಿಗಳು

ಮಾನ್ಯ ಓದುಗರ ಅವಗಾಹನೆಗೆ,

ಈ ಹಾಳೆಗಳನ್ನು ಕೈಗೆತ್ತಿಕೊಂಡವರಲ್ಲಿ ನನ್ನ ಮೊದಲ ಅರಿಕೆ ಏನೆಂದರೆ, ನನ್ನ ಅಕ್ಷರ ದುಂಡಗಿಲ್ಲ, ಕಾಗುಣಿತದ ಮೇಲೆ ನನಗೇ ಭರವಸೆಯಿಲ್ಲ. ಎರಡನ್ನೂ ಮನ್ನಿಸಿ ಮುಂದಕ್ಕೆ ಓದಬೇಕು. ಹೊಸಪೇಟೆಯ ಒಂದು ಜೆರಾಕ್ಸ್ ಅಂಗಡಿಯಲ್ಲಿ ಕುಳಿತು ಬೇರೆಯವರಿಗೆ ಅರ್ಜಿ ಬರೆದುಕೊಡುವುದು ಸದ್ಯದ ನನ್ನ ಉದ್ಯೋಗ. ಅಲ್ಲಿ ಕಂಪ್ಯೂಟರ್ ಇದೆ. ತಪ್ಪು ಬಿದ್ದರೆ ಅಳಿಸಬಹುದು. ಆದರೆ ಅದರ ಮುಂದೆ ಕುಳಿತರೆ ಬೆರಳುಗಳು ತಾವಾಗಿಯೇ ‘ಇವರಿಗೆ’, ‘ಇವರಿಂದ’ ಎಂದು ಒತ್ತಲು ಶುರು ಮಾಡುತ್ತವೆ. ಹಾಗಾಗಿ ಇದನ್ನು ಕೈಯಲ್ಲೇ ಬರೆದಿದ್ದೇನೆ. ಕೈಯಲ್ಲಿ ಬರೆದರೂ ಧಾಟಿ ಅರ್ಜಿಯದೇ ಆಗಿರುವುದು ನನ್ನ ಗಮನಕ್ಕೆ ಬಂದಿದೆ. ಬೇರೆ ಧಾಟಿ ನನಗೆ ತಿಳಿಯದು. ಅರ್ಜಿಯಲ್ಲದ ಬರಹವನ್ನು ಬರೆಯುತ್ತಿರುವುದು ಇದೇ ಮೊದಲು.

ವಿಷಯ ಇಷ್ಟು. ಕಂಪ್ಲಿಯಲ್ಲಿರುವ ನನ್ನ ಅಕ್ಕನ ಮನೆಗೆ ಕ್ರಿಪ್ಟೊ ಕರೆನ್ಸಿ ತೆಗೆಯುವ ಒಂದು ಯಂತ್ರ ಬಂದಿತು. ಸದರಿ ಯಂತ್ರವು ಜಾಹೀರಾತಿನಲ್ಲಿ ಹೇಳಿದಷ್ಟು ವೇಗದಲ್ಲಿ ಓಡುತ್ತದೆಯೋ ಇಲ್ಲವೋ ಎಂದು ಪರೀಕ್ಷಿಸಿ ಹೇಳುವ ಹೊಣೆ ನನ್ನ ಮೇಲೆ ಬಿದ್ದಿತು. ನಾನು ಎರಡು ವರದಿಗಳನ್ನು ಕೊಟ್ಟೆ. ಎರಡೂ ನನ್ನ ಸಹಿಯಲ್ಲೇ ಇವೆ. ಎರಡೂ ಒಂದೇ ಮಾತನ್ನು ಹೇಳುವುದಿಲ್ಲ.

ನನ್ನನ್ನೇ ಏಕೆ ಕರೆದರು ಎಂಬುದನ್ನು ಮೊದಲು ತಿಳಿಸಬೇಕು. ಅರ್ಜಿ ಬರೆಯಲು ಕೂರುವ ಮುಂಚೆ ನಾನು ಸಂಡೂರಿನ ಗುಡ್ಡದಲ್ಲಿ ಒಂದು ಕಬ್ಬಿಣದ ಅದಿರಿನ ಗಣಿಯಲ್ಲಿ ಇಪ್ಪತ್ತೆರಡು ವರ್ಷ ಸ್ಯಾಂಪಲ್ ತೆಗೆಯುವ ಕೆಲಸ ಮಾಡಿದ್ದೇನೆ. ಲಾರಿಗಟ್ಟಲೆ ಅದಿರಿನಲ್ಲಿ ಕಬ್ಬಿಣ ಎಷ್ಟಿದೆ ಎಂದು ಲ್ಯಾಬಿನವರು ಹೇಳುವುದು ಅಂಗೈಯಷ್ಟು ಪುಡಿಯನ್ನು ನೋಡಿ. ಆ ಅಂಗೈಯಷ್ಟು ಪುಡಿ ಇಡೀ ರಾಶಿಯ ಪರವಾಗಿ ಮಾತನಾಡುವಂತೆ ನೋಡಿಕೊಳ್ಳುವುದು ನನ್ನ ಕೆಲಸವಾಗಿತ್ತು. ರಾಶಿಯ ತಲೆಯಿಂದ, ನಡುವಿನಿಂದ, ಬುಡದಿಂದ, ನಾಲ್ಕೂ ಮಗ್ಗುಲಿನಿಂದ ಸಲಿಕೆಯಲ್ಲಿ ತೆಗೆಯಬೇಕು. ಅದನ್ನು ಪುಡಿ ಮಾಡಿಸಿ, ತಗಡಿನ ಮೇಲೆ ಚೂಪಾಗಿ ಸುರಿದು, ತುದಿಯನ್ನು ಒತ್ತಿ ರೊಟ್ಟಿಯಂತೆ ಅಗಲಿಸಬೇಕು. ಮೇಲೆ ಅಡ್ಡಕ್ಕೊಂದು ಉದ್ದಕ್ಕೊಂದು ಗೆರೆ ಎಳೆದು ನಾಲ್ಕು ಪಾಲು ಮಾಡಿ, ಎದುರುಬದುರಿನ ಎರಡು ಪಾಲುಗಳನ್ನು ತೆಗೆದುಹಾಕಿ, ಉಳಿದೆರಡನ್ನು ಕಲಸಿ ಮತ್ತೆ ಸುರಿಯಬೇಕು. ಹೀಗೆ ಮಾಡುತ್ತಾ ಮಾಡುತ್ತಾ ಕೊನೆಗೆ ಉಳಿಯುವುದನ್ನು ಮೂರು ಪೊಟ್ಟಣ ಕಟ್ಟಿ ಅರಗಿನ ಮುದ್ರೆ ಹಾಕುತ್ತಿದ್ದೆವು. ಒಂದು ಮಾರುವವರಿಗೆ, ಒಂದು ಕೊಳ್ಳುವವರಿಗೆ. ಮೂರನೆಯದನ್ನು ಅಂಪೈರ್ ಪೊಟ್ಟಣ ಎನ್ನುತ್ತಿದ್ದೆವು. ಮಾರುವವರ ಅಂಕಿಗೂ ಕೊಳ್ಳುವವರ ಅಂಕಿಗೂ ತಾಳೆಯಾಗದೆ ಜಗಳವಾದಾಗ ಮಾತ್ರ ಅದರ ಮುದ್ರೆ ಒಡೆಯುತ್ತಿದ್ದರು.

ಭಾವ ಅಂದರೆ ಅಕ್ಕನ ಯಜಮಾನರು. ಅವರು ಕಂಪ್ಲಿಯ ರೈಸ್ ಮಿಲ್ಲೊಂದರಲ್ಲಿ ಮೂವತ್ತು ವರ್ಷ ಫಿಟ್ಟರ್ ಆಗಿದ್ದವರು. ಮಿಲ್ಲು ಬಿಟ್ಟ ಮೇಲೆ ಅವರ ಕೈಗೆ ಕೆಲಸವಿರಲಿಲ್ಲ. ಮೊಬೈಲಿನಲ್ಲಿ ಯಂತ್ರಗಳ ವಿಡಿಯೋ ನೋಡುತ್ತಾ ನೋಡುತ್ತಾ ಈ ಯಂತ್ರವೂ ಅವರ ಕಣ್ಣಿಗೆ ಬಿದ್ದಿತು. ದೂರದ ಊರಿನ ಒಬ್ಬ ವ್ಯಾಪಾರಿಯಿಂದ ಹಳೆಯದೊಂದನ್ನು ತರಿಸಿದರು. ಮೂವತ್ತು ದಿನಗಳ ಒಳಗೆ ವೇಗ ಕಡಿಮೆ ಇದೆಯೆಂದು ಓದುಗಳ, ಅಂದರೆ ರೀಡಿಂಗುಗಳ, ಸಮೇತ ತೋರಿಸಿದರೆ ವಾಪಸ್ ತೆಗೆದುಕೊಳ್ಳುವುದಾಗಿ ಆ ವ್ಯಾಪಾರಿ ಹೇಳಿದ್ದನಂತೆ. ಬಂದ ಎರಡು ವಾರಕ್ಕೆ ಭಾವ ನನಗೆ ಫೋನು ಮಾಡಿದರು.

‘ಏನಪಾ ಸ್ಯಾಂಪಲ್ ಸಾಹೇಬ, ನಿನ್ನಿಂದ ಒಂದು ಕೆಲಸ ಆಗ್ಬೇಕು.’

‘ಹೇಳ್ರಿ ಭಾವ.’

‘ಮಾರಿದವ ನೂರು ಅಂತಾನ. ಅಲ್ಲಿ ಪೂಲ್‌ನವರು ಎಂಬತ್ತೊಂದು ಅಂತಾರ. ನಡುವ ನಾ ನಿಂತೀನಿ. ಯಾರದು ಖರೆ ಅಂತ ನೀ ಬಂದು ಹೇಳು.’

ಹಿಂದಿನಿಂದ ಅಕ್ಕನ ದನಿ ಕೇಳಿಸಿತು. ‘ಆ ಖೋಲಿ ಯಾರದು ಅಂತ ಮೊದ್ಲು ಹೇಳಾಕ ಬಾ ಅನ್ರಿ.’

ಅಕ್ಕನ ಮಾತಿಗೆ ಕಾರಣವಿತ್ತು. ಅವರ ಮನೆಯಲ್ಲಿ ಬೀದಿಯ ಕಡೆಗೆ ಒಂದು ಖೋಲಿ ಇದೆ. ದಪ್ಪ ಗೋಡೆ, ಎದುರುಬದುರು ಎರಡು ಕಿಟಕಿ. ಇಡೀ ಮನೆಯಲ್ಲಿ ತಂಪಾದ ಜಾಗ ಅದೊಂದೇ. ಹನ್ನೊಂದು ವರ್ಷಗಳಿಂದ ಅಕ್ಕ ಅಲ್ಲಿ ಹೆಣ್ಣುಮಕ್ಕಳಿಗೆ ಹೊಲಿಗೆ ಕಲಿಸುತ್ತಿದ್ದಳು. ಯಂತ್ರಕ್ಕೂ ತಂಪು ಬೇಕು, ಗಾಳಿ ಹಾಯಬೇಕು. ಹಾಗಾಗಿ ಭಾವ ಅದನ್ನು ಅಲ್ಲೇ ಕೂರಿಸಿದರು. ಹೊಲಿಗೆ ಮಿಷನ್ನುಗಳು ಪಡಸಾಲೆಗೆ ಬಂದವು. ಖೋಲಿಯ ಬಾಗಿಲು ಹಾಕಿದರೂ ಪಡಸಾಲೆಯಲ್ಲಿ ಒಬ್ಬರ ಮಾತು ಒಬ್ಬರಿಗೆ ಕೇಳಿಸುತ್ತಿರಲಿಲ್ಲ. ಹತ್ತಿರದ ಮೆಟ್ರಿ ಊರಿನಿಂದ ಬರುತ್ತಿದ್ದ ಇಬ್ಬರು ಆಗಲೇ ಹೊಲಿಗೆ ಕಲಿಯುವುದನ್ನು ಬಿಟ್ಟಿದ್ದರು. ಜೂನ್ ತಿಂಗಳಿಗೆ ಹೊಸ ತಂಡ ಸೇರಬೇಕು. ಈ ಸದ್ದಿನಲ್ಲಿ ಯಾರು ಸೇರುತ್ತಾರೆ ಎಂಬುದು ಅಕ್ಕನ ಪ್ರಶ್ನೆ. ಕೊನೆಗೆ ಗಂಡ ಹೆಂಡತಿ ಒಂದು ಒಪ್ಪಂದಕ್ಕೆ ಬಂದಿದ್ದರು. ನಾನು ಬಂದು ನೋಡಬೇಕು. ವೇಗ ಕಡಿಮೆ ಇದೆ ಎಂದು ನಾನು ಹೇಳಿದರೆ ಅಂದೇ ಖೋಲಿ ಅಕ್ಕನದು. ಸರಿ ಇದೆ ಎಂದರೆ ಯಂತ್ರ ಅಲ್ಲೇ ಇರುತ್ತದೆ. ಅಕ್ಕ ಮತ್ತೆ ಆ ಮಾತು ಎತ್ತಬಾರದು.

ಹೊಸಪೇಟೆಯ ಅಂಗಡಿಯನ್ನು ಹತ್ತು ಗಂಟೆಗೆ ತೆರೆಯಬೇಕಾದ್ದರಿಂದ ನಾನು ಒಂದು ಏರ್ಪಾಡು ಮಾಡಿಕೊಂಡೆ. ಸಂಜೆ ಅಂಗಡಿ ಮುಚ್ಚಿ ಕಂಪ್ಲಿ ಬಸ್ಸು ಹಿಡಿಯುವುದು. ಮಲಪನಗುಡಿ, ಕಮಲಾಪುರ ದಾಟಿ ಅಕ್ಕನ ಮನೆ ಸೇರಿ ಉಂಡು ಮಲಗುವುದು. ಬೆಳಿಗ್ಗೆ ಐದು, ಆರು, ಏಳು, ಎಂಟಕ್ಕೆ ಒಂದೊಂದು ಓದು ಬರೆದುಕೊಂಡು ವಾಪಸ್ ಬಸ್ಸು ಹತ್ತುವುದು. ಗಣಿಯಲ್ಲಿಯೂ ನಾನು ಯಾವಾಗಲೂ ಮೊದಲ ಪಾಳಿಯವನೇ. ಬೆಳಕು ಹರಿಯುವ ಹೊತ್ತಿಗೆ ಗುಡ್ಡದ ಮೇಲೆ ಮಂಜು ಇರುತ್ತಿತ್ತು, ಲಾರಿಗಳು ಸಾಲಾಗಿ ನಿಂತಿರುತ್ತಿದ್ದವು. ಸ್ಯಾಂಪಲ್ ತೆಗೆಯುವುದು ಎಂದರೆ ಬೆಳಗಿನ ಕೆಲಸ ಎಂದು ನನ್ನ ಮೈಗೇ ಅಭ್ಯಾಸವಾಗಿತ್ತು. ಈ ಏರ್ಪಾಡಿನಲ್ಲಿ ದೋಷವಿದೆ ಎಂದು ನನಗೆ ಎಳ್ಳಷ್ಟೂ ಅನ್ನಿಸಲಿಲ್ಲ ಎಂಬುದನ್ನು ಇಲ್ಲಿ ದಾಖಲಿಸುತ್ತೇನೆ.

ಮೊದಲ ಬೆಳಿಗ್ಗೆ ಭಾವ ಖೋಲಿಯ ಬಾಗಿಲು ತೆರೆದರು. ಎರಡು ಬೂಟಿನ ಡಬ್ಬಿಗಳನ್ನು ಉದ್ದಕ್ಕೆ ಜೋಡಿಸಿದಷ್ಟು ದೊಡ್ಡದು, ಬೂದು ಬಣ್ಣದ ತಗಡು. ಮುಂದೆ ಎರಡು ಫ್ಯಾನು, ಹಿಂದೆ ಎರಡು. ಅಷ್ಟು ಸಣ್ಣ ವಸ್ತು ಅಷ್ಟು ಸದ್ದು ಮಾಡುತ್ತದೆಂದು ನಾನು ಊಹಿಸಿರಲಿಲ್ಲ. ಹಿಂಬದಿಗೆ ಕೈ ಹಿಡಿದರೆ ಒಲೆಯ ಮುಂದೆ ಹಿಡಿದಂತೆ.

‘ಶಬ್ದ ಭಾಳ ಐತಲ್ರಿ ಭಾವ,’ ಎಂದೆ.

‘ಹಾಂ?’

ಮತ್ತೊಮ್ಮೆ ಕೂಗಿ ಹೇಳಿದೆ.

‘ಇದೇನ್ ಶಬ್ದಲೇ. ಮಿಲ್ಲಿನ್ಯಾಗ ಬ್ಲೋವರ್ ಕೇಳಿಲ್ಲ ನೀ.’

ಬಾಗಿಲಲ್ಲಿ ನಿಂತಿದ್ದ ಅಕ್ಕ, ‘ಆ ಬ್ಲೋವರೇ ಇವರ ಎರಡೂ ಕಿವಿ ತಿಂದೈತಿ, ಇವರಿಗೇನ್ ಗೊತ್ತಾಗ್ತೈತಿ,’ ಎಂದು ನನಗೆ ಮಾತ್ರ ಕೇಳುವಂತೆ ಅಂದಳು.

ಇದು ಏನು ಮಾಡುತ್ತದೆ ಎಂದು ತಿಳಿಯುವ ಕುತೂಹಲ ನನಗೆ ಬಹಳವಾಗಿತ್ತು. ಭಾವ ತಮಗೆ ತಿಳಿದಷ್ಟು ಹೇಳಿದರು, ನಾನು ನನಗೆ ಹೊಳೆದಷ್ಟು ಗ್ರಹಿಸಿದೆ. ಜಗತ್ತಿನಾದ್ಯಂತ ಇಂಥ ಯಂತ್ರಗಳಿಗೆಲ್ಲ ಒಂದೇ ಒಗಟು ಹಾಕಿರುತ್ತಾರೆ. ಅದಕ್ಕೆ ಲೆಕ್ಕ ಮಾಡಿ ಉತ್ತರ ತೆಗೆಯುವ ದಾರಿಯಿಲ್ಲ. ಒಂದಾದ ಮೇಲೊಂದು ಊಹೆ ಮಾಡುತ್ತಾ ಹೋಗಬೇಕು. ಯಾರ ಊಹೆ ಮೊದಲು ಹೊಂದುತ್ತದೋ ಅವರಿಗೆ ಆ ಕರೆನ್ಸಿಯ ಫಲ. ಒಂದು ಊಹೆಗೆ ಹ್ಯಾಶ್ ಎಂದು ಹೆಸರು. ಈ ಯಂತ್ರ ಒಂದು ಸೆಕೆಂಡಿಗೆ ನೂರು ಟೆರಾಹ್ಯಾಶ್ ಮಾಡುತ್ತದೆ ಎಂಬುದು ಜಾಹೀರಾತು. ಒಂದು ಟೆರಾ ಎಂದರೆ ಲಕ್ಷ ಕೋಟಿ. ನಾನು ಒಂದರ ಮುಂದೆ ಹನ್ನೆರಡು ಸೊನ್ನೆ ಬರೆದು ನೋಡಿದೆ. ಊಹೆಗಳ ಅಂಥ ನೂರು ರಾಶಿ, ನಾನು ಕಣ್ಣು ಮಿಟುಕಿಸುವುದರೊಳಗೆ, ಅಕ್ಕ ಬ್ಲೌಸಿಗೆ ಗುರುತು ಹಾಕುತ್ತಿದ್ದ ಖೋಲಿಯಲ್ಲಿ. ಒಬ್ಬೊಬ್ಬರಿಗೆ ಫಲ ಸಿಗುವುದು ಅಪರೂಪವಾದ್ದರಿಂದ ಅನೇಕರು ಸೇರಿ ಒಂದು ಕೂಟ ಮಾಡಿಕೊಂಡಿರುತ್ತಾರೆ. ಅದೇ ಭಾವ ಹೇಳಿದ ಪೂಲ್. ಅವರು ತಮಗೆ ತಲುಪಿದ ಕೆಲಸವನ್ನು ಅಳೆದು ಎಂಬತ್ತೊಂದು ಎನ್ನುತ್ತಿದ್ದರು.

ಕಳಿಸಿದವರ ಅಂಕಿ ಹೆಚ್ಚು, ತಲುಪಿದ ಕಡೆಯ ಅಂಕಿ ಕಡಿಮೆ. ನನಗೆ ಇದು ಹಳೆಯ ಪರಿಚಯದಂತೆ ಕಂಡಿತು. ಗುಡ್ಡದಲ್ಲಿ ತುಂಬಿದ ಅದಿರು ಬಂದರಿನಲ್ಲಿ ಎಂದೂ ಅಷ್ಟೇ ಇರುತ್ತಿರಲಿಲ್ಲ. ಇಲ್ಲಿ ಮೂರನೆಯ ಪೊಟ್ಟಣ ನಾನೇ ಎಂದುಕೊಂಡೆ. ಆ ಕ್ಷಣಕ್ಕೆ ಸ್ವಲ್ಪ ಹೆಮ್ಮೆಯೂ ಆಯಿತು ಎಂದು ಒಪ್ಪಿಕೊಳ್ಳುತ್ತೇನೆ.

ಯಂತ್ರಕ್ಕೆ ತನ್ನದೇ ಒಂದು ಪುಟವಿದೆ. ಮೊಬೈಲಿನಲ್ಲಿ ತೆರೆದರೆ ಆ ಹೊತ್ತಿನ ವೇಗ ಕಾಣುತ್ತದೆ. ಸರಾಸರಿಯೂ ಕಾಣುತ್ತದೆ, ಆದರೆ ಕರೆಂಟು ಹೋಗಿ ಬಂದರೆ ಅದು ಮತ್ತೆ ಮೊದಲಿನಿಂದ ಎಣಿಸಲು ಶುರು ಮಾಡುತ್ತದೆ. ಕಂಪ್ಲಿಯ ಬೇಸಿಗೆಯಲ್ಲಿ ಅಂಥ ಸರಾಸರಿಯನ್ನು ನಂಬುವಂತಿಲ್ಲ. ಆದ್ದರಿಂದ ಆ ಹೊತ್ತಿನ ಓದನ್ನೇ ಬರೆದುಕೊಂಡೆ. ಐದು ದಿನ, ದಿನಕ್ಕೆ ನಾಲ್ಕು. ಅತಿ ಕಡಿಮೆ ತೊಂಬತ್ತಾರು, ಅತಿ ಹೆಚ್ಚು ನೂರು. ಐದನೆಯ ದಿನ ಅಂಗಡಿಯಲ್ಲಿ ಕುಳಿತು ವರದಿಯನ್ನು ಟೈಪ್ ಮಾಡಿದೆ. ‘ಸದರಿ ಯಂತ್ರವನ್ನು ಖುದ್ದಾಗಿ ಪರಿಶೀಲಿಸಲಾಗಿ, ಇಪ್ಪತ್ತು ಓದುಗಳ ಸರಾಸರಿ ತೊಂಬತ್ತೆಂಟು ಕಂಡುಬಂದಿದ್ದು, ಜಾಹೀರಾತಿನ ಅಂಕಿಗೆ ಸಮೀಪವಿರುವುದರಿಂದ ತೃಪ್ತಿಕರವಾಗಿದೆ’ ಎಂದು ಬರೆದು, ಕೆಳಗೆ ಸಹಿ ಮಾಡಿ, ಸಹಿಯ ಕೆಳಗೆ ‘ಮಾಜಿ ಸ್ಯಾಂಪಲ್ ಸಹಾಯಕ, ಅದಿರು ಪ್ರಯೋಗಾಲಯ’ ಎಂದೂ ಸೇರಿಸಿದೆ. ಅದನ್ನು ಸೇರಿಸುವ ಅಗತ್ಯವಿರಲಿಲ್ಲ.

ವರದಿಯನ್ನು ಕೊಟ್ಟಾಗ ಭಾವ ಎರಡು ಸಲ ಓದಿದರು. ಅಕ್ಕ ಓದಲಿಲ್ಲ. ‘ಏನಂತ ಐತಿ?’ ಎಂದು ಕೇಳಿದಳು. ಹೇಳಿದೆ. ಅವಳು ಪಡಸಾಲೆಯ ಮಿಷನ್ನಿನ ಮುಂದೆ ಕುಳಿತು ಹೊಲಿಗೆ ಮುಂದುವರಿಸಿದಳು. ಅವಳು ಒಂದು ಮಾತನ್ನಾದರೂ ಆಡಿದ್ದರೆ ನನಗೆ ಹಗುರವಾಗುತ್ತಿತ್ತು. ಒಪ್ಪಂದವಾಗಿತ್ತಲ್ಲ, ಅವಳು ಆಡಲಿಲ್ಲ.

ಭಾವ ನೇರ ಮನುಷ್ಯರು. ಪೂಲಿನ ಅಂಕಿ ನೋಡಿ ಆ ವ್ಯಾಪಾರಿಗೆ ಫೋನಿನಲ್ಲಿ ಒರಟಾಗಿ ಮಾತನಾಡಿದ್ದರಂತೆ. ಈಗ ತಪ್ಪು ತಮ್ಮದೇ ಎಂದು ತಿಳಿದು, ನನ್ನ ವರದಿಯ ಫೋಟೋ ತೆಗೆದು, ‘ಮನಸಿಗೆ ಹಚ್ಚಿಕೋಬ್ಯಾಡ್ರಿ’ ಎಂದು ಬರೆದು ಕಳಿಸಿದರು. ಮರುದಿನ ಆ ವ್ಯಾಪಾರಿ ತನ್ನ ವಾಟ್ಸಾಪ್ ಸ್ಟೇಟಸ್ಸಿಗೆ ಅದೇ ಫೋಟೋ ಹಾಕಿದ್ದ. ಮೇಲೆ ‘ಪ್ರಯೋಗಾಲಯದ ಅನುಭವಿಗಳಿಂದ ಪರೀಕ್ಷಿಸಲ್ಪಟ್ಟಿದೆ’ ಎಂಬ ಸಾಲು. ಭಾವ ಅದನ್ನು ಖುಷಿಯಿಂದ ನನಗೆ ಕಳಿಸಿದರು. ಯಾವ ಜಾಹೀರಾತು ನಿಜವೋ ಸುಳ್ಳೋ ಎಂದು ನೋಡಲು ಹೋಗಿದ್ದೆನೋ, ನಾನೇ ಅದರೊಳಗೆ ಸೇರಿಕೊಂಡಿದ್ದೆ.

ಮುಂದಿನ ಭಾನುವಾರ ಅಂಗಡಿಗೆ ರಜೆ. ಶನಿವಾರ ಅಕ್ಕನೇ ಫೋನು ಮಾಡಿದಳು.

‘ತಮ್ಮಾ, ನಾಳೆ ಊಟಕ್ಕ ಬಾ. ಮಧ್ಯಾಹ್ನ ಬಾ, ಮುಂಜಾನೆ ಬ್ಯಾಡ.’

‘ಯಾಕ?’

‘ನೀ ಜ್ವಾಳದ ರಾಶಿ ಮ್ಯಾಲೆ ಗೆರಿ ಹಾಕಿ ತೋರಿಸಿದ್ದಿ ನೋಡು, ನೆನಪೈತೇನು?’

ನೆನಪಿತ್ತು. ಗಣಿಯಲ್ಲಿ ಕೆಲಸಕ್ಕೆ ಸೇರಿದ ಹೊಸತರಲ್ಲಿ ನಾನು ಅಕ್ಕನ ಮನೆಗೆ ಹೋದಾಗಲೆಲ್ಲ ದೊಡ್ಡಸ್ತಿಕೆ ಮಾಡುತ್ತಿದ್ದೆ. ಅವಳು ತರಿಸಿದ ಜೋಳವನ್ನು ನೆಲಕ್ಕೆ ಸುರಿದು, ನಾಲ್ಕು ಪಾಲು ಮಾಡಿ, ಹುಳು ಎಷ್ಟಿದೆ ಎಂದು ಇಡೀ ಚೀಲ ನೋಡದೆಯೇ ಹೇಳಬಹುದು ಎಂದು ತೋರಿಸಿದ್ದೆ. ಅವಳು ಇಂದಿಗೂ ಬೇಳೆ ತಂದರೆ ಹಾಗೆಯೇ ಮೊರದ ಮೇಲೆ ಗೆರೆ ಎಳೆಯುತ್ತಾಳೆ.

‘ಹಂಗಾದ್ರ ಕೇಳ್ತೀನಿ,’ ಎಂದಳು. ‘ನೀ ಬರೇ ಒಂದು ಪಾಲು ನೋಡಿದಿ. ಉಳಿದ ಮೂರು ಪಾಲು ಯಾರು ನೋಡ್ಬೇಕು?’

ರಾಶಿಯ ಒಂದೇ ಮಗ್ಗುಲಿನಿಂದ ಸಲಿಕೆ ಹಾಕಿದ್ದಕ್ಕೆ ಹೊಸ ಹುಡುಗರನ್ನು ನಾನೇ ಎಷ್ಟೋ ಸಲ ಬೈದಿದ್ದೇನೆ. ದಿನಕ್ಕೂ ನಾಲ್ಕು ಮಗ್ಗುಲಿವೆ ಎಂಬುದು ನನಗೆ ಹೊಳೆದಿರಲಿಲ್ಲ. ನನ್ನ ಇಪ್ಪತ್ತೂ ಓದುಗಳು ಒಂದೇ ಸಲಿಕೆಯವು.

ಮಧ್ಯಾಹ್ನದವರೆಗೆ ಕಾಯಲಾಗದೆ ಭಾನುವಾರ ಬೆಳಗಿನ ಮೊದಲ ಬಸ್ಸಿಗೇ ಹೊರಟೆ. ಲ್ಯಾಬು ಬಿಡುವಾಗ ಜೊತೆಗಾರರು ಕೊಟ್ಟಿದ್ದ ಗೋಡೆಗೆ ಹಾಕುವ ಥರ್ಮಾಮೀಟರನ್ನು ಚೀಲದಲ್ಲಿ ಇಟ್ಟುಕೊಂಡೆ. ಅಂದು ಹೊಲಿಗೆ ಕಲಿಯುವವರಿಗೆ ರಜೆಯಿರಲಿಲ್ಲ; ಬಾಕಿ ಉಳಿದ ನಾಲ್ವರು ಹೆಣ್ಣುಮಕ್ಕಳು ಬಂದಿದ್ದರು. ಅಕ್ಕನ ಪಕ್ಕದಲ್ಲಿ ಒಂದು ಸ್ಲೇಟು ಇತ್ತು. ಅವಳು ಹೇಳಬೇಕಾದ್ದನ್ನು ಸ್ಲೇಟಿನ ಮೇಲೆ ಬರೆದು ಎತ್ತಿ ತೋರಿಸುತ್ತಿದ್ದಳು. ‘ತೋಳು ಒಂಬತ್ತು.’ ‘ಬಿಚ್ಚು.’ ‘ಮತ್ತೆ ಬಿಚ್ಚು.’

‘ಬೈಯೋದೂ ಸ್ಲೇಟಿನ ಮ್ಯಾಲೇ ರೀ,’ ಎಂದು ಒಬ್ಬಳು ನನ್ನ ಕಿವಿಯ ಹತ್ತಿರ ಬಂದು ಹೇಳಿದಳು. ‘ನಮಗ ಆರಾಮ ಆಗೈತಿ.’

ಬೆಳಿಗ್ಗೆ ಏಳಕ್ಕೆ ಖೋಲಿಯಲ್ಲಿ ಇಪ್ಪತ್ತೆಂಟು ಡಿಗ್ರಿ, ವೇಗ ತೊಂಬತ್ತೇಳು. ಹತ್ತಕ್ಕೆ ತೊಂಬತ್ತು. ಹನ್ನೆರಡಕ್ಕೆ ಎಪ್ಪತ್ತೆಂಟು. ಫ್ಯಾನುಗಳ ಸದ್ದು ಒಂದು ಮಟ್ಟ ಏರಿತು. ಆಗ ಅಕ್ಕ ಎದ್ದು ಖೋಲಿಯ ಬಾಗಿಲ ಚೌಕಟ್ಟಿನ ಮೇಲೆ ಹೊಲಿಗೆಯ ಚಾಕಿನಿಂದ ಒಂದು ಗೀಟು ಎಳೆದಳು. ಅಲ್ಲಿ ಆಗಲೇ ಸಾಲುಸಾಲು ಗೀಟುಗಳಿದ್ದವು. ಒಂದೊಂದು ಸಾಲು ಒಂದೊಂದು ದಿನ. ಸದ್ದು ಏರಿದಾಗ ಉದ್ದ ಗೀಟು, ಯಂತ್ರ ತಾನಾಗಿ ನಿಂತುಹೋದಾಗ ಅಡ್ಡ ಗೀಟು. ವೇಗದ ಪುಟ ಅವಳಿಗೆ ತೆರೆಯಲು ಬಾರದು; ಅವಳು ಕಿವಿಯಿಂದಲೇ ದಿನದ ನಾಲ್ಕೂ ಪಾಲು ಬರೆದಿಟ್ಟಿದ್ದಳು. ನನ್ನ ವರದಿ ಟೈಪಾಗುವ ಮುಂಚಿನಿಂದಲೂ ಅದು ಅಲ್ಲೇ ಇತ್ತು. ನಾನು ದಿನಾ ಬೆಳಿಗ್ಗೆ ಅದೇ ಚೌಕಟ್ಟು ದಾಟಿ ಒಳಗೆ ಹೋಗಿದ್ದೆ.

‘ಇದನ್ನ ಅವಾಗೇ ಯಾಕ ಹೇಳ್ಲಿಲ್ಲ?’ ಎಂದು ಕೇಳಿದೆ.

‘ನೀ ಕೇಳಿದೇನು?’

ಎರಡು ಗಂಟೆಗೆ ಖೋಲಿಯಲ್ಲಿ ನಲವತ್ತೊಂದು ಡಿಗ್ರಿ, ವೇಗ ಅರವತ್ತಾರು. ಯಂತ್ರದ ಹಿಂದೆ ಒಂದು ಸ್ಟೂಲಿನ ಮೇಲೆ ಅಕ್ಕ ತಟ್ಟೆಯಲ್ಲಿ ಸಂಡಿಗೆ ಇಟ್ಟಿದ್ದಳು. ‘ಬಿಸಿಲಿಗೆ ಎರಡು ದಿನ ಬೇಕು, ಇದರ ಮುಂದ ಒಂದೇ ದಿನ. ಇದೊಂದು ಕೆಲಸ ಮಸ್ತ್ ಮಾಡತೈತಿ,’ ಎಂದಳು. ಭಾವ ಮುಖ ಆ ಕಡೆ ತಿರುಗಿಸಿಕೊಂಡರು. ಮೂರೂಕಾಲಿಗೆ ಯಂತ್ರ ಕಾವು ತಾಳದೆ ತಾನಾಗಿಯೇ ನಿಂತಿತು. ಮನೆಯಲ್ಲಿ ಒಮ್ಮೆಲೇ ಮೌನ. ಹೊಲಿಗೆ ಮಿಷನ್ನುಗಳ ಟಕಟಕ ಕೇಳಿಸಿತು, ಹೊರಗೆ ಕಬ್ಬಿನ ಟ್ರ್ಯಾಕ್ಟರ್ ಹೋದದ್ದು ಕೇಳಿಸಿತು. ಅಕ್ಕ ಸ್ಲೇಟನ್ನು ಕೆಳಗಿಟ್ಟು ಬಾಯಿಂದಲೇ, ‘ಕಂಕುಳ ಹತ್ರ ಅರ್ಧ ಇಂಚು ಬಿಡ್ರಿ ಅಂದ್ರ ಯಾರೂ ಬಿಟ್ಟಿಲ್ಲ ನೀವು,’ ಎಂದಳು. ನಾಲ್ವರೂ ತಲೆ ಎತ್ತಿ ನೋಡಿದರು. ಆ ದನಿಯನ್ನು ಅವರು ಆ ಪಡಸಾಲೆಯಲ್ಲಿ ಕೇಳಿ ಬಹಳ ದಿನವಾಗಿತ್ತೆಂದು ಕಾಣುತ್ತದೆ. ಇಪ್ಪತ್ತು ನಿಮಿಷಕ್ಕೆ ಯಂತ್ರ ಮತ್ತೆ ಎದ್ದಿತು, ಸ್ಲೇಟೂ ಎದ್ದಿತು.

ಸಂಜೆಯ ಪಾಲನ್ನು ನಾನು ಬರೆದುಕೊಂಡೆ. ರಾತ್ರಿಯ ಪಾಲನ್ನು ಭಾವ ಬರೆದಿಡುವುದಾಗಿ ಹೇಳಿ ಹಾಗೆಯೇ ಮಾಡಿದರು. ನಾಲ್ಕೂ ಪಾಲುಗಳನ್ನು ಕಲಸಿ, ನಿಂತುಹೋದ ಹೊತ್ತನ್ನೂ ಕರೆಂಟು ಇಲ್ಲದ ಹೊತ್ತನ್ನೂ ಸೊನ್ನೆಯೆಂದು ಸೇರಿಸಿದಾಗ ಸರಾಸರಿ ಎಂಬತ್ತೆರಡು ಬಂದಿತು. ದೂರದ ಪೂಲಿನವರು ಹೇಳಿದ್ದು ಎಂಬತ್ತೊಂದು. ನಮ್ಮ ಖೋಲಿಯನ್ನು ಕಣ್ಣಿಂದ ನೋಡದವರ ತಕ್ಕಡಿ ಸರಿ ಇತ್ತು.

ಹಾಗಾದರೆ ಜಾಹೀರಾತಿನ ನೂರು ಎಲ್ಲಿಂದ ಬಂದಿತು ಎಂಬುದು ಉಳಿದ ಪ್ರಶ್ನೆ. ಯಂತ್ರದ ಜೊತೆ ಬಂದ ಹಾಳೆಯನ್ನು ಭಾವ ಟ್ರಂಕಿನಿಂದ ತೆಗೆದುಕೊಟ್ಟರು. ಕನ್ನಡಕ ಸರಿಮಾಡಿಕೊಂಡು ಕೊನೆಯ ಸಾಲಿನವರೆಗೂ ಓದಿದೆ. ತೀರಾ ಸಣ್ಣ ಅಕ್ಷರದಲ್ಲಿ, ಮೇಲಿನ ಅಂಕಿಗಳು ಇಪ್ಪತ್ತೈದು ಡಿಗ್ರಿ ಶಾಖದಲ್ಲಿ ಪಡೆದವು ಎಂದಿತ್ತು. ನನಗೆ ಸಂಡೂರಿನ ಲ್ಯಾಬಿನ ವಾಸನೆಯೇ ಬಂದಂತಾಯಿತು. ಅದಿರಿನ ಅಂಕಿಯನ್ನೂ ಒಣ ತೂಕದ ಮೇಲೆಯೇ ಬರೆಯುತ್ತಿದ್ದರು. ಸ್ಯಾಂಪಲನ್ನು ಒಲೆಯಲ್ಲಿ ಪೂರ್ತಿ ಒಣಗಿಸಿ, ಆಮೇಲೆ ಪರೀಕ್ಷೆ. ಅಂಕಿ ಸುಳ್ಳಲ್ಲ. ಆದರೆ ಮಳೆಗಾಲದಲ್ಲಿ ಗುಡ್ಡ ಇಳಿಯುವ ಲಾರಿಯಲ್ಲಿ ಇರುವುದು ಒದ್ದೆ ಅದಿರು. ಈ ನೂರು ಎಂಬುದೂ ಒಂದು ಒಣ ತೂಕ. ಮೇ ತಿಂಗಳಿನಲ್ಲಿ ಕಂಪ್ಲಿಯ ಖೋಲಿಯಲ್ಲಿ ಇಪ್ಪತ್ತೈದು ಡಿಗ್ರಿ ಇರುವುದು ಕೋಳಿ ಕೂಗುವ ಹೊತ್ತಿನ ಆಸುಪಾಸಿನಲ್ಲಿ ಮಾತ್ರ. ನಾನು ಸರಿಯಾಗಿ ಅದೇ ಹೊತ್ತಿಗೆ ಹೋಗಿ ನೋಡಿದ್ದೆ.

ಗಣಿಯಲ್ಲಿ ಇಪ್ಪತ್ತೆರಡು ವರ್ಷಗಳಲ್ಲಿ ನನ್ನ ಒಂದು ಪೊಟ್ಟಣವನ್ನೂ ಯಾರೂ ಹಿಂದಕ್ಕೆ ಕಳಿಸಿರಲಿಲ್ಲ. ಸೋಮವಾರ ಅಂಗಡಿಯಲ್ಲಿ ಕುಳಿತು ಎರಡನೆಯ ವರದಿ ಟೈಪ್ ಮಾಡಿದೆ. ‘ಉಲ್ಲೇಖಿತ ವರದಿಯು ದಿನದ ಒಂದು ಭಾಗದ ಓದುಗಳನ್ನು ಮಾತ್ರ ಆಧರಿಸಿರುವುದರಿಂದ ಅದನ್ನು ಈ ಮೂಲಕ ಹಿಂತೆಗೆದುಕೊಳ್ಳಲಾಗಿದೆ. ಲೋಪವು ಯಂತ್ರದ್ದಲ್ಲ, ಪರಿಶೀಲಿಸಿದವನದು. ಇಡೀ ದಿನದ ಸರಾಸರಿ ಎಂಬತ್ತೆರಡು.’ ಈ ಸಲ ಸಹಿಯ ಕೆಳಗೆ ಹಳೆಯ ಹುದ್ದೆಯನ್ನು ಬರೆಯಲಿಲ್ಲ.

ಭಾವ ಅದನ್ನೂ ವ್ಯಾಪಾರಿಗೆ ಕಳಿಸಿದರು. ಮೂವತ್ತು ದಿನಕ್ಕೆ ಇನ್ನೂ ನಾಲ್ಕು ದಿನ ಬಾಕಿ ಇತ್ತು. ಅವನ ಉತ್ತರ ಬೇಗ ಬಂದಿತು. ಹಾಳೆಯ ಕೊನೆಯ ಸಾಲನ್ನು ಓದಿಕೊಳ್ಳಬೇಕೆಂದೂ, ನಿಮ್ಮ ಪರೀಕ್ಷಕರೇ ತೃಪ್ತಿಕರ ಎಂದು ಬರೆದುಕೊಟ್ಟಿದ್ದಾರೆಂದೂ, ವಾಪಸ್ ಸಾಧ್ಯವಿಲ್ಲವೆಂದೂ ಇತ್ತು. ಸ್ಟೇಟಸ್ಸಿನಿಂದ ನನ್ನ ಮೊದಲ ವರದಿಯನ್ನು ತೆಗೆಯುವಂತೆ ಕೇಳಬೇಕೆಂದಿದ್ದೆ. ಅದು ಒಂದು ದಿನಕ್ಕೆ ತಾನಾಗಿಯೇ ಅಳಿಸಿಹೋಗಿತ್ತಂತೆ. ಎಷ್ಟು ಜನ ನೋಡಿದ್ದರೋ ತಿಳಿಯದು. ಆ ಚಿಂತೆ ಇನ್ನೂ ಇದೆ.

ಮಂಗಳವಾರ ಸಂಜೆ ನಾನು ಕಂಪ್ಲಿಗೆ ಹೋದಾಗ ಭಾವ ಖೋಲಿಯ ಬಾಗಿಲಲ್ಲಿ ಕುಳಿತಿದ್ದರು. ಯಂತ್ರ ಓಡುತ್ತಿತ್ತು.

‘ವಾಪಸ್ ಹೋಗಂಗಿಲ್ಲ ಇದು,’ ಎಂದರು. ‘ಆದ್ರ ಮಾತು ಮಾತೇ. ಕಮ್ಮಿ ಐತಂದ್ರ ಖೋಲಿ ಅಕಿದು ಅಂದಿದ್ದೆ.’

‘ನನ್ನ ತಪ್ಪು ಭಾವ. ಮೊದಲ್ನೇದು ಬರೀದಿದ್ರ ವಾಪಸ್ ಹೋಗ್ತಿತ್ತು.’

‘ಹೌದಪಾ, ನಿಂದೇ ತಪ್ಪು,’ ಎಂದರು. ಸಮಾಧಾನ ಹೇಳುವ ಸ್ವಭಾವ ಅವರದಲ್ಲ. ‘ಹಿತ್ತಲದಾಗ ಇಡೋಣಂದ್ರ ತಗಡಿನ ಶೆಡ್ಡು. ಅಲ್ಲಿ ಐವತ್ತೂ ಬರಂಗಿಲ್ಲ.’

ನಾನು, ‘ನನ್ನ ಮನಿಗೆ ಒಯ್ತೀನ್ರಿ,’ ಎಂದೆ.

ಅವರಿಗೆ ಕೇಳಿಸಲಿಲ್ಲ. ಎದ್ದು ಹೋಗಿ ಸ್ವಿಚ್ಚು ಆರಿಸಿದರು. ಸದ್ದು ಇಳಿಯುತ್ತಾ ಇಳಿಯುತ್ತಾ ನಿಂತಿತು. ‘ಈಗ ಹೇಳು,’ ಎಂದರು. ಮತ್ತೊಮ್ಮೆ ಹೇಳಿದೆ.

ಬುಧವಾರ ಅದನ್ನು ಹಳೆಯ ಸೀರೆಯಲ್ಲಿ ಸುತ್ತಿ ಗೋಣಿಚೀಲದಲ್ಲಿಟ್ಟು ಬಸ್ಸಿಗೆ ಏರಿಸಿದೆವು. ಕಂಡಕ್ಟರ್ ಕಾಲಿನಿಂದ ಮುಟ್ಟಿ ನೋಡಿದರು.

‘ಏನ್ರಿ ಇದು, ಗ್ರೈಂಡರಾ?’

‘ಅಲ್ರಿ. ಊಹೆ ಮಾಡೋ ಮಿಷನ್ನು.’

‘ಏನು ಊಹೆ ಮಾಡ್ತೈತಿ?’

‘ನಂಬರ್ರೀ.’

‘ಹಂಗಾದ್ರ ಈ ಬಸ್ಸು ಹೊಸಪೇಟಿ ಎಷ್ಟಕ್ಕ ಮುಟ್ತೈತಿ ಕೇಳ್ರಿ,’ ಎಂದು ಲಗೇಜಿನ ಚೀಟಿ ಹರಿದುಕೊಟ್ಟರು. ಕಮಲಾಪುರದಲ್ಲಿ ಹಂಪಿ ನೋಡಿ ಬಂದ ಇಬ್ಬರು ಪ್ರವಾಸಿಗರು ಹತ್ತಿ, ಜಾಗ ಸಾಲದೆ ಅದರ ಮೇಲೆಯೇ ಬ್ಯಾಗು ಇಟ್ಟರು.

ಅದೇ ವಾರ ಭಾವ ಹೊಸಪೇಟೆಗೆ ಬಂದು ನಮ್ಮ ಮನೆಯ ಹಿಂಬದಿಯ ಸಣ್ಣ ಕೋಣೆಗೆ ಬೇರೆ ವೈರು ಎಳೆದುಕೊಟ್ಟರು. ನನ್ನ ಮನೆಯವರು ಒಂದು ಷರತ್ತು ಹಾಕಿದರು: ಬೆಳಿಗ್ಗೆ ಒಂಬತ್ತು ಗಂಟೆಯ ಆಚೆ ಅದರ ದನಿ ಕೇಳಿಸಕೂಡದು. ನನಗೂ ಅದೇ ಬೇಕಾಗಿತ್ತು. ಈಗ ಅದು ಐದಕ್ಕೆ ಶುರುವಾಗಿ ಒಂಬತ್ತಕ್ಕೆ ನಿಲ್ಲುತ್ತದೆ. ನಾನು ಐದು, ಆರು, ಏಳು, ಎಂಟಕ್ಕೆ ಓದು ಬರೆಯುತ್ತೇನೆ. ಬಹುತೇಕ ತೊಂಬತ್ತಾರರಿಂದ ನೂರರ ಒಳಗೇ ಬರುತ್ತದೆ. ಹಿಂತೆಗೆದುಕೊಂಡ ನನ್ನ ಮೊದಲ ವರದಿಯನ್ನು ಈಗ ಈ ಕೋಣೆಯ ಮಟ್ಟಿಗೆ ಯಾರು ಪರೀಕ್ಷಿಸಿದರೂ ನಿಜವೆಂದೇ ಕಂಡುಬರುತ್ತದೆ. ಇದರಿಂದ ಫಲ ಎಷ್ಟು ಎಂದು ಭಾವ ಕೇಳುವುದಿಲ್ಲ, ನಾನು ಹೇಳುವುದಿಲ್ಲ. ಅವರು ಎರಡು ಭಾನುವಾರಕ್ಕೊಮ್ಮೆ ಬಂದು ಬ್ರಷ್ಷಿನಿಂದ ಫ್ಯಾನಿನ ರೆಕ್ಕೆಗಳಿಗೆ ಹತ್ತಿದ ಕೆಂಪು ಧೂಳನ್ನು ತೆಗೆದು, ಬೆರಳಿನಲ್ಲಿ ಉಜ್ಜಿ, ‘ನಿಮ್ಮೂರಾಗ ಗಾಳಿಯಾಗೂ ಅದಿರು ಐತಲ್ಲೋ,’ ಎನ್ನುತ್ತಾರೆ. ಕಂಪ್ಲಿಯಲ್ಲಿ ಅವರ ಕೈ ಇಷ್ಟು ಚುರುಕಾಗಿದ್ದುದನ್ನು ನಾನು ಕಂಡಿರಲಿಲ್ಲ.

ಜೂನ್‌ನಲ್ಲಿ ಅಕ್ಕನ ಖೋಲಿಗೆ ಏಳು ಮಂದಿ ಸೇರಿದರು. ಮೆಟ್ರಿಯ ಇಬ್ಬರಲ್ಲಿ ಒಬ್ಬಳು ಮರಳಿ ಬಂದಳು. ಇನ್ನೊಬ್ಬಳು ಬೇರೆ ಕಡೆ ಸೇರಿಬಿಟ್ಟಿದ್ದಳಂತೆ. ನಾನು ಮೊದಲ ಸಲವೇ ಸರಿಯಾಗಿ ನೋಡಿದ್ದರೆ ಅವಳೂ ಮರಳುತ್ತಿದ್ದಳೇನೋ; ಅವಳ ಲೆಕ್ಕ ನನ್ನ ಹೆಸರಿನಲ್ಲೇ ಉಳಿಯುತ್ತದೆ. ಬಾಗಿಲ ಚೌಕಟ್ಟಿನ ಚಾಕಿನ ಗೀಟುಗಳನ್ನು ಅಕ್ಕ ಒರೆಸಿಲ್ಲ. ಹೋದಾಗಲೆಲ್ಲ ನಾನು ಅದರ ಮುಂದೆ ನಿಂತು ನೋಡುತ್ತೇನೆ. ಅವಳು ಒಳಗಿನಿಂದ, ‘ಒಳಗ ಬಾ, ಅಲ್ಲೇನ್ ಪರೀಕ್ಷಾ ಮಾಡ್ತಿ,’ ಎಂದು ಕರೆಯುತ್ತಾಳೆ. ಬಾಯಿಂದಲೇ ಕರೆಯುತ್ತಾಳೆ.

ಕೊನೆಯದಾಗಿ ತಮ್ಮಲ್ಲಿ ಒಂದು ವಿನಂತಿ. ಈ ಹಾಳೆಗಳನ್ನೆಲ್ಲ ನಾನು ಬೆಳಗಿನ ಹೊತ್ತು, ಹಿಂದಿನ ಕೋಣೆಯಲ್ಲಿ ಯಂತ್ರ ಓಡುತ್ತಿರುವಾಗ, ಒಂದು ಓದಿಗೂ ಇನ್ನೊಂದು ಓದಿಗೂ ನಡುವೆ ಬರೆದಿದ್ದೇನೆ. ತಿದ್ದಿದ್ದೂ ಅದೇ ಹೊತ್ತಿನಲ್ಲಿ. ಆ ಹೊತ್ತಿಗೆ ನನಗೆ ಎಲ್ಲವೂ ಸರಿಯಾಗಿಯೇ ಕಾಣುತ್ತದೆ. ಆದ್ದರಿಂದ ತಾವು ಇದನ್ನು ಮಧ್ಯಾಹ್ನವೊಮ್ಮೆ, ಸಾಧ್ಯವಾದರೆ ಸಂಜೆಯೊಮ್ಮೆ ಓದಿ ನೋಡಿ, ಕಂಡ ತಪ್ಪುಗಳನ್ನು ತಮ್ಮ ಕೈಯಿಂದಲೇ ತಿದ್ದಬೇಕಾಗಿ ಕೇಳಿಕೊಳ್ಳುತ್ತೇನೆ.